ಹಳೇ ಡಿವಿಡಿಯ ಕಸಿ ಪಾಠ: ಚಿತ್ರ ಕೆಡದಂತೆ ಕತ್ತರಿಸಲು ಯಾವ ಸಾಫ್ಟ್‌ವೇರ್?

ತರಬೇತಿ, ಕ್ಷೇತ್ರೋತ್ಸವಗಳ ಹಳೇ ಡಿವಿಡಿ ಮನೆಯಲ್ಲಿದ್ದರೆ ಮಳೆಗಾಲಕ್ಕೆ ಮೊದಲೇ ಕಪಾಟಿನಿಂದ ಹೊರಗೆ ತೆಗೆಯಿರಿ. ಮಲೆನಾಡಿನ ಥಂಡಿಗೆ ಡಿಸ್ಕ್ ಮೇಲೆ ಬೂಷ್ಟು ಬರುತ್ತದೆ. ಕಂಪ್ಯೂಟರಿನಲ್ಲಿ ಬರೆದ ಡಿಸ್ಕ್‌ಗಳ ಒಳಪದರವೂ ವರ್ಷ ಕಳೆದಂತೆ ಕೆಡುತ್ತದೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿವಿಡಿ ಹಾಕುವ ಜಾಗವೇ ಇರುವುದಿಲ್ಲ, ಯುಎಸ್‌ಬಿಗೆ ಸಿಕ್ಕಿಸುವ ಡ್ರೈವ್ ಯಾರ ಹತ್ತಿರವಾದರೂ ಕೇಳಿ ತನ್ನಿ.

ನಮ್ಮ ಬೆಳೆಗಾರರ ಗುಂಪಿನಲ್ಲಿ ಇಂಥದೊಂದು ಡಿಸ್ಕ್ ಇದೆ, 2009ರ ತರಬೇತಿಯದು. ಸೊರಗು ರೋಗ ತಡೆಯುವ ಹಿಪ್ಪಲಿ ಜಾತಿಯ ಬೇರುಗಿಡಕ್ಕೆ ಕಾಳುಮೆಣಸಿನ ಕುಡಿ ಕಸಿ ಮಾಡುವುದನ್ನು ಊರಿನ ಹಿರಿಯರೊಬ್ಬರು ತೋರಿಸಿದ್ದಾರೆ. ಶೂಟ್ ಮಾಡಿದ್ದು ಮದುವೆ ವಿಡಿಯೊದವರು. ಹಾಗಾಗಿ ಮೊದಲ 20 ನಿಮಿಷ ಸ್ವಾಗತ, ಹಾರ, ಭಾಷಣ! ನಮಗೆ ಬೇಕಾದ್ದು ನಡುವಿನ 4 ನಿಮಿಷ ಮಾತ್ರ. ಆ ಹಿರಿಯರು ಈಗಿಲ್ಲ. ಅವರಷ್ಟು ಚೊಕ್ಕವಾಗಿ ಕುಡಿಯನ್ನು ಬೆಣೆಯ ಹಾಗೆ ಕೆತ್ತಿ ಸೀಳಿಗೆ ಇಳಿಸುವ ಕೈ ನಮ್ಮಲ್ಲಿ ಇನ್ನೊಂದಿಲ್ಲ.

ಪೇಟೆಯ ಅಂಗಡಿಯೊಂದರಲ್ಲಿ ಆ ಭಾಗ ಕತ್ತರಿಸಿ ಕೊಡಲು ಹೇಳಿದ್ದೆವು. ಬಂದ ಫೈಲಿನಲ್ಲಿ ಚಾಕು ಆಡುವ ಹೊತ್ತಿಗೇ ಬೆರಳೆಲ್ಲ ಚೌಕ ಚೌಕ. ಕಸಿಯಲ್ಲಿ ನೋಡಬೇಕಾದ್ದೇ ತೊಗಟೆಗೆ ತೊಗಟೆ ಕೂಡುವ ಗೆರೆ. ಅದೇ ಕಾಣದಿದ್ದರೆ ವಿಡಿಯೊ ಇದ್ದೇನು ಉಪಯೋಗ?

ಹೀಗಾಗುವುದು ಯಾಕೆ ಎಂದು ತಿಳಿದುಕೊಂಡರೆ ಸಾಫ್ಟ್‌ವೇರ್ ಆರಿಸುವುದು ಸುಲಭ. ನಮ್ಮ ದೇಶದ ಡಿವಿಡಿಯಲ್ಲಿ ಚಿತ್ರದ ಅಳತೆ 720×576, ಸೆಕೆಂಡಿಗೆ 25 ಚಿತ್ರ. ಅದನ್ನು ಎಂಪೆಗ್-2 ಎಂಬ ಕ್ರಮದಲ್ಲಿ ಆಗಲೇ ಒತ್ತಿ ಚಿಕ್ಕದು ಮಾಡಿರುತ್ತಾರೆ. ಹೆಚ್ಚಿನ ಎಡಿಟಿಂಗ್ ಸಾಫ್ಟ್‌ವೇರ್‌ಗಳು ನೀವು ಎರಡು ಸೆಕೆಂಡ್ ಕತ್ತರಿಸಿದರೂ ಇಡೀ ವಿಡಿಯೊ ಬಿಚ್ಚಿ ಮತ್ತೆ ಒತ್ತುತ್ತವೆ. ಪ್ರತಿ ಸಲ ಒತ್ತಿದಾಗಲೂ ಸ್ವಲ್ಪ ವಿವರ ಹೋಗುತ್ತದೆ, ಹೋದದ್ದು ಮತ್ತೆ ಬರುವುದಿಲ್ಲ. ಎಚ್‌ಡಿಗೆ ಹಿಗ್ಗಿಸಿದರೂ ಅಷ್ಟೇ.

ಆದ್ದರಿಂದ ಕೇಳಬೇಕಾದ ಪ್ರಶ್ನೆ ಒಂದೇ: ಇದು ಮತ್ತೆ ಒತ್ತುತ್ತದೆಯೋ, ಇದ್ದದ್ದನ್ನು ಇದ್ದ ಹಾಗೇ ನಕಲು ಮಾಡುತ್ತದೆಯೋ? ಶಾಟ್‌ಕಟ್, ಕೆಡೆನ್‌ಲೈವ್ ಒಳ್ಳೆಯವೇ, ಬಿಟ್ಟಿಯಾಗಿ ಸಿಗುತ್ತವೆ. ಹೆಸರು ಬರೆಯಲು, ಹಿನ್ನೆಲೆ ದನಿ ಸೇರಿಸಲು ಅವೇ ಬೇಕು. ಬರೀ ಕತ್ತರಿಸುವುದಕ್ಕೆ ಬೇಡ. ಹ್ಯಾಂಡ್‌ಬ್ರೇಕ್ ಅಂತೂ ಮತ್ತೆ ಒತ್ತಲೆಂದೇ ಇರುವುದು.

ನಾನು ಬಳಸುವುದು ಅವಿಡೆಮಕ್ಸ್. ಇದಕ್ಕೂ ದುಡ್ಡಿಲ್ಲ, ಹಳೇ ಕಂಪ್ಯೂಟರಿನಲ್ಲೂ ಓಡುತ್ತದೆ. ಮೊದಲು ಡಿಸ್ಕಿನಲ್ಲಿರುವ ವಿಡಿಯೊ-ಟಿಎಸ್ ಎಂಬ ಫೋಲ್ಡರನ್ನು ಇಡಿಯಾಗಿ ಕಂಪ್ಯೂಟರಿಗೆ ಹಾಕಿಕೊಳ್ಳಿ. ಅದರೊಳಗೆ ವಿಒಬಿ ಫೈಲುಗಳು 1 ಜಿಬಿ ಮೀರದಂತೆ ತುಂಡು ತುಂಡಾಗಿ ಇರುತ್ತವೆ. ಕೊನೆಯಲ್ಲಿ 0 ಇರುವುದು ಬರೀ ಮೆನು, 1 ಇರುವಲ್ಲಿಂದ ವಿಡಿಯೊ ಶುರು. ಅದನ್ನು ತೆರೆದರೆ ಉಳಿದವನ್ನೂ ಜೋಡಿಸಲೇ ಎಂದು ಅದೇ ಕೇಳುತ್ತದೆ, ಹೂಂ ಅನ್ನಿ. ಎಡಗಡೆ ವಿಡಿಯೊ, ಆಡಿಯೊ ಎರಡಕ್ಕೂ ‘ಕಾಪಿ’ ಎಂದೇ ಇರಲಿ, ಕೆಳಗೆ ಎಂಕೆವಿ ಆರಿಸಿ.

ಕತ್ತರಿಸುವ ಜಾಗ ಮಾತ್ರ ನೋಡಿಕೊಳ್ಳಬೇಕು. ಮೆಣಸಿನ ಬಳ್ಳಿಯ ತುಂಡು ಚಿಗುರಬೇಕಾದರೆ ಅದರಲ್ಲಿ ಗಿಣ್ಣು ಇರಬೇಕಲ್ಲ, ವಿಡಿಯೊದಲ್ಲೂ ಹಾಗೇ. ಡಿವಿಡಿಯಲ್ಲಿ ಸುಮಾರು ಅರ್ಧ ಸೆಕೆಂಡಿಗೊಂದು ಪೂರ್ತಿ ಚಿತ್ರ ಇರುತ್ತದೆ. ನಡುವಿನವು ಅಕ್ಕಪಕ್ಕದ ಚಿತ್ರ ನೋಡಿಕೊಂಡು ಬದಲಾವಣೆಯನ್ನಷ್ಟೇ ಹೇಳುತ್ತವೆ. ಮೇಲೆ-ಕೆಳಗಿನ ಬಾಣದ ಕೀಲಿ ಒತ್ತಿದರೆ ಒಂದು ಪೂರ್ತಿ ಚಿತ್ರದಿಂದ ಇನ್ನೊಂದಕ್ಕೆ ಹಾರುತ್ತದೆ. ಅಲ್ಲೇ ಎ, ಬಿ ಗುರುತು ಹಾಕಿ ಸೇವ್ ಮಾಡಿ. ಬೇರೆ ಕಡೆ ಕತ್ತರಿಸಿದರೆ ಶುರುವಿನಲ್ಲಿ ಚಿತ್ರ ಕಲಸಿಹೋಗಬಹುದು. ಅರ್ಧ ಸೆಕೆಂಡ್ ಹೆಚ್ಚು ಬಂದರೆ ಬರಲಿ, ಅದಕ್ಕೆ ಯಾರೂ ಬಯ್ಯುವುದಿಲ್ಲ.

ಕೆಲವು ಡಿಸ್ಕ್‌ಗಳಲ್ಲಿ ಮಾತಿಗೂ ತುಟಿಗೂ ತಾಳ ತಪ್ಪುತ್ತದೆ. ಆಗ ಮೊದಲು ಮೇಕ್‌ಎಂಕೆವಿಯಲ್ಲಿ ಇಡೀ ಡಿಸ್ಕನ್ನು ಒಂದೇ ಎಂಕೆವಿ ಮಾಡಿಕೊಂಡು ಆಮೇಲೆ ಕತ್ತರಿಸಿ ನೋಡಿ. ಅದೂ ಚಿತ್ರವನ್ನು ಮತ್ತೆ ಒತ್ತುವುದಿಲ್ಲ. ಲಾಸ್‌ಲೆಸ್‌ಕಟ್ ಅವಿಡೆಮಕ್ಸ್‌ಗಿಂತ ನೋಡಲು ಚಂದ, ಯುವಕರಿಗೆ ಬೇಗ ಕೈ ಹತ್ತುತ್ತದೆ. ಆದರೆ ಅದಕ್ಕೆ ವಿಒಬಿ ನೇರ ಕೊಡುವುದಕ್ಕಿಂತ ಎಂಕೆವಿ ಕೊಡುವುದು ವಾಸಿ. ಅಂಗಡಿಯಲ್ಲಿ ಕೊಂಡ ಸಿನಿಮಾ ಡಿಸ್ಕ್‌ಗಳ ಕಥೆ ಬೇರೆ, ಅದರ ಹಕ್ಕು ನಮ್ಮದಲ್ಲ. ನಾನು ಹೇಳುತ್ತಿರುವುದು ನಮ್ಮ ನಮ್ಮ ತರಬೇತಿಯ ಡಿಸ್ಕ್‌ಗಳ ಮಾತು.

ಒಂದು ಗಂಟೆಯ ವಿಡಿಯೊ ತುಂಬಿದ 4.7 ಜಿಬಿ ಡಿಸ್ಕಿನಿಂದ 4 ನಿಮಿಷ ತೆಗೆದರೆ ಸುಮಾರು 300 ಎಂಬಿ ಆಗುತ್ತದೆ. ಅದನ್ನು ವಾಟ್ಸ್ಆ್ಯಪ್‌ನಲ್ಲಿ ವಿಡಿಯೊ ಎಂದು ಕಳಿಸಿದರೆ ಅದು ಮತ್ತೆ ಒತ್ತಿ ಮಂಕು ಮಾಡುತ್ತದೆ. ‘ಡಾಕ್ಯುಮೆಂಟ್’ ಎಂದು ಕಳಿಸಿ, 2 ಜಿಬಿವರೆಗೆ ಹೋಗುತ್ತದೆ.

ಎಲ್ಲರ ಮೊಬೈಲಿನಲ್ಲೂ ಎಂಕೆವಿ ಓಡುವುದಿಲ್ಲ. ವಿಎಲ್‌ಸಿ ಹಾಕಿಕೊಳ್ಳಲು ಹೇಳಿ. ಅದೂ ಆಗದವರಿಗೆ ಕತ್ತರಿಸಿದ ತುಂಡನ್ನು ಹ್ಯಾಂಡ್‌ಬ್ರೇಕ್‌ನಲ್ಲಿ ಒಂದೇ ಸಲ ಎಂಪಿ4 ಮಾಡಿ. ಗುಣಮಟ್ಟದ ಅಂಕೆ ಆರ್‌ಎಫ್ 18ರಿಂದ 20ರ ನಡುವೆ ಇರಲಿ, ಅಂಕೆ ಹೆಚ್ಚಿದಷ್ಟೂ ಚಿತ್ರ ಕೆಡುತ್ತದೆ. ಕೈ ಬೇಗ ಆಡುವಾಗ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆ ಕಂಡರೆ ‘ಡಿಇಂಟರ್‌ಲೇಸ್’ ಆಯ್ಕೆ ಹಾಕಿ. ಡಿವಿಡಿಯ ಚಿತ್ರಗಳು ಹೆಚ್ಚಾಗಿ ಬೆಸ ಗೆರೆ, ಸಮ ಗೆರೆ ಎಂದು ಎರಡು ಪಾಲಾಗಿ ಇರುವುದರಿಂದ ಹಾಗೆ ಕಾಣುವುದು.

ಡಿಸ್ಕ್ ಓದದೆ ತಿಣುಕಾಡಿದರೆ ಮೆತ್ತನೆ ಹತ್ತಿಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತ ತಿರುಗಿಸಿ ಉಜ್ಜಬೇಡಿ. ಒಂದು ಡ್ರೈವ್‌ನಲ್ಲಿ ಓದದ್ದು ಇನ್ನೊಂದರಲ್ಲಿ ಓದುವುದೂ ಉಂಟು. ನಮ್ಮ ಆ ಡಿಸ್ಕನ್ನು ಮೂರನೇ ಡ್ರೈವ್ ಓದಿತು. ಈಗ ಪೂರ್ತಿ ಫೋಲ್ಡರ್ ಇಬ್ಬರ ಮನೆಯ ಹಾರ್ಡ್ ಡಿಸ್ಕ್‌ನಲ್ಲಿದೆ, ಹಾರ-ಭಾಷಣ ಸಮೇತ.