ಅಣುವಿನ ಕಂಪನ, ಗಣಕದ ನೆನಪು

ಮಾಸೂರಿನ ಮದಗದ ಕೆರೆಯನ್ನು ಕಂಡವರಿಗೆ ತೂಬಿನ ಕೆಲಸವನ್ನು ಯಾರೂ ವಿವರಿಸಬೇಕಿಲ್ಲ. ಅದನ್ನು ಪೂರ್ತಿ ಮುಚ್ಚಬಹುದು, ಪೂರ್ತಿ ತೆರೆಯಬಹುದು. ಕಾಲುಭಾಗ, ಅರ್ಧಭಾಗ ತೆರೆದು ಗದ್ದೆಗೆ ಬೇಕಾದಷ್ಟೇ ನೀರು ಬಿಡಬಹುದು. ಗಣಕಯಂತ್ರದ ತೂಬಿಗೆ ಈ ನಡುವಿನ ಸ್ಥಿತಿಗಳ ಪರಿಚಯವಿಲ್ಲ. ಅಲ್ಲಿ ಸೊನ್ನೆ, ಇಲ್ಲವೇ ಒಂದು. ಆ ನಡುವಿನ ಸ್ಥಿತಿಗಳನ್ನು ಅಣುಗಳಲ್ಲಿ ಹುಡುಕಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಶ್ರೀತೋಷ್ ಗೋಸ್ವಾಮಿ ಮತ್ತು ಅವರ ಸಂಗಡಿಗರು.

ಈ ಹುಡುಕಾಟಕ್ಕೆ ಕಾರಣವಿದೆ. ಗಣಕದಲ್ಲಿ ಲೆಕ್ಕ ಮಾಡುವ ಜಾಗ ಬೇರೆ, ನೆನಪಿಡುವ ಜಾಗ ಬೇರೆ. ಅಂಕಿಗಳು ಎರಡರ ನಡುವೆ ಓಡಾಡುತ್ತಲೇ ಇರಬೇಕು. ಕೃತಕ ಬುದ್ಧಿಮತ್ತೆಯ ಕೆಲಸಗಳಲ್ಲಿ ವಿದ್ಯುತ್ತಿನ ದೊಡ್ಡ ಪಾಲು ನುಂಗುವುದು ಲೆಕ್ಕವಲ್ಲ, ಈ ಓಡಾಟ. ನೆನಪಿರುವಲ್ಲೇ ಲೆಕ್ಕವೂ ಆದರೆ? ಹರಿದುಹೋದ ವಿದ್ಯುತ್ತನ್ನು ನೆನಪಿಟ್ಟುಕೊಂಡು ಅದಕ್ಕೆ ತಕ್ಕಂತೆ ತನ್ನ ರೋಧವನ್ನು ಬದಲಿಸಿಕೊಳ್ಳುವ ಸಾಧನವೊಂದು ಇರಬೇಕೆಂದು 1971ರಲ್ಲಿ ಲಿಯಾನ್ ಚುವಾ ಗಣಿತದಿಂದ ಊಹಿಸಿದ್ದರು. ಅದರ ಹೆಸರು ಮೆಮ್ರಿಸ್ಟರ್. 2008ರಲ್ಲಿ ಸ್ಟ್ಯಾನ್ಲಿ ವಿಲಿಯಮ್ಸ್ ಅವರ ತಂಡ ಟೈಟಾನಿಯಂ ಆಕ್ಸೈಡಿನಲ್ಲಿ ಅದನ್ನು ತೋರಿಸಿತು.

ಗೋಸ್ವಾಮಿಯವರ ತಂಡ ಆರಿಸಿಕೊಂಡದ್ದು ಲೋಹದ ಪರಮಾಣುವನ್ನು ಸಾವಯವ ಅಂಗಗಳು ಸುತ್ತುವರಿದ ಅಣುಗಳನ್ನು. ಆ ಅಂಗಗಳಲ್ಲಿ ಎರಡು ನೈಟ್ರೋಜನ್ ಪರಮಾಣುಗಳ ಜೋಡಿಯಿದ್ದು, ಅದು ಎಲೆಕ್ಟ್ರಾನನ್ನು ಪಡೆಯಬಲ್ಲದು, ಬಿಡಬಲ್ಲದು. ಆದರೆ ಕೆಲವೇ ನ್ಯಾನೊಮೀಟರುಗಳಿಂದ ಲೆಕ್ಕ ಶುರುವಾಗುವ ತೆಳುಪದರದೊಳಗೆ ನಿಜಕ್ಕೂ ಹಾಗೆ ಆಗುತ್ತಿದೆ ಎನ್ನಲು ಸಾಕ್ಷಿ ಬೇಕಲ್ಲ!

ಸಾಕ್ಷಿ ಹೇಳಿದ್ದು ಸರ್ ಸಿ. ವಿ. ರಾಮನ್ ಅವರ ಬೆಳಕು. ವಸ್ತುವಿನ ಮೇಲೆ ಬಿದ್ದು ಚದುರಿದ ಬೆಳಕಿನ ಕಣಗಳಲ್ಲಿ ಕೋಟಿಗೊಂದರ ಆಸುಪಾಸಿನಷ್ಟು ಮಾತ್ರ ಬಣ್ಣ ಬದಲಿಸುತ್ತವೆ. ಎಷ್ಟು ಬದಲಿಸಿದವೆಂಬುದು ಅಣುವಿನ ಕಂಪನವನ್ನು ಹೇಳುತ್ತದೆ. ನೈಟ್ರೋಜನ್ ಜೋಡಿಗೆ ಎಲೆಕ್ಟ್ರಾನ್ ಬಂದರೆ ಬಂಧ ಸಡಿಲವಾಗುತ್ತದೆ, ಕಂಪನ ನಿಧಾನವಾಗುತ್ತದೆ; ವೀಣೆಯ ತಂತಿ ಸಡಿಲಿಸಿದರೆ ಶ್ರುತಿ ಇಳಿದಂತೆ. ಸಾಧನ ಕೆಲಸ ಮಾಡುತ್ತಿರುವಾಗಲೇ ಈ ಇಳಿತವನ್ನು ಅಳೆದು ನೋಡಿದ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಅಣುಗಳನ್ನು ರೂಪಿಸಿದ ರಸಾಯನಶಾಸ್ತ್ರಜ್ಞ ಶ್ರೀಬ್ರತ ಗೋಸ್ವಾಮಿ ಆಗ ಇದ್ದದ್ದು ಕಲ್ಕತ್ತೆಯಲ್ಲಿ, 1928ರಲ್ಲಿ ರಾಮನ್ ಪರಿಣಾಮ ಪತ್ತೆಯಾದ ಅದೇ ಸಂಸ್ಥೆಯಲ್ಲಿ. ರಾಮನ್ ಆ ಶೋಧದ ವಿವರವನ್ನು ವಿದ್ವಾಂಸರ ಮುಂದಿಟ್ಟದ್ದು ಅದೇ ವರ್ಷದ ಮಾರ್ಚ್ 16ರಂದು ಬೆಂಗಳೂರಿನಲ್ಲಿ ಎಂಬುದನ್ನೂ ಇಲ್ಲಿ ನೆನೆಯಬಹುದು.

2024ರ ಸೆಪ್ಟೆಂಬರಿನಲ್ಲಿ 'ನೇಚರ್' ಪತ್ರಿಕೆಯಲ್ಲಿ ತಂಡದ ಮುಖ್ಯ ಲೇಖನ ಬಂತು. ಸ್ಟ್ಯಾನ್ಲಿ ವಿಲಿಯಮ್ಸ್ ಕೂಡ ಅದರ ಲೇಖಕರಲ್ಲೊಬ್ಬರು. ರುಥೇನಿಯಂ ಅಣುಗಳ ಪದರವೊಂದನ್ನು ಸುಮಾರು 16,500 ಬೇರೆ ಬೇರೆ ಸ್ಥಿತಿಗಳಲ್ಲಿ ನಿಲ್ಲಿಸಬಹುದೆಂದು ಅವರು ತೋರಿಸಿದರು. ಇಂಥ ತೂಬುಗಳನ್ನು ಸಾಲಾಗಿ ಜೋಡಿಸಿ ವಿದ್ಯುತ್ ಒತ್ತಡ ಕೊಟ್ಟರೆ ಓಮ್ ನಿಯಮವೇ ಗುಣಾಕಾರ ಮಾಡುತ್ತದೆ, ಪ್ರವಾಹಗಳು ಕೂಡಿ ಸಂಕಲನವಾಗುತ್ತದೆ. ಜೇಮ್ಸ್ ವೆಬ್ ದೂರದರ್ಶಕದ ದತ್ತಾಂಶದಿಂದ 'ಸೃಷ್ಟಿಯ ಸ್ತಂಭಗಳು' ಎಂಬ ಪ್ರಸಿದ್ಧ ಚಿತ್ರವನ್ನು ಅವರು ಮೇಜಿನ ಮೇಲಿನ ಸಲಕರಣೆಯಲ್ಲೇ ಮರುರಚಿಸಿದರು.

ಇದನ್ನು 'ಕೃತಕ ಮಿದುಳು' ಎಂದು ಕೊಂಡಾಡುವುದು ಅವಸರದ ಮಾತು. ಪ್ರಯೋಗಾಲಯದಲ್ಲಿ ಪಳಗಿದ ಅಣು ಕಾರ್ಖಾನೆಯ ಚಿಪ್ಪಿನಲ್ಲಿ ಲಕ್ಷಗಟ್ಟಲೆ ಸಂಖ್ಯೆಯಲ್ಲಿ, ವರ್ಷಾನುಗಟ್ಟಲೆ, ಒಂದೇ ತೆರನಾಗಿ ನಡೆದುಕೊಳ್ಳಬೇಕು. ಲೇಖನ ಪ್ರಕಟವಾದಾಗ ತಂಡ ಕೈಹಾಕಿದ್ದು ಆ ಕೆಲಸಕ್ಕೇ.