ಹಳೆಯ ಎಲೆಕ್ಟ್ರಾನಿಕ್ ಉಪಕರಣಗಳ ಬಿಡಿಭಾಗಗಳಿಂದ ಯಂತ್ರಮಾನವ ನಿರ್ಮಾಣ

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು 1923ರಲ್ಲಿ ಉತ್ಪಾದನೆಯನ್ನು ಆರಂಭಿಸಿದಾಗ, ಅದಿರನ್ನು ಕರಗಿಸಲು ಅಲ್ಲಿ ಬಳಸಿದುದು ಕಲ್ಲಿದ್ದಲನ್ನಲ್ಲ, ಮಲೆನಾಡಿನ ಕಟ್ಟಿಗೆಯಿಂದ ತಯಾರಿಸಿದ ಇದ್ದಿಲನ್ನು. ಕಟ್ಟಿಗೆಯನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸುವಾಗ ಹೊರಡುವ ಆವಿಯನ್ನು ಗಾಳಿಗೆ ಬಿಡದೆ ತಣಿಸಿ, ಅದರಿಂದ ಮದ್ಯಸಾರದ ಜಾತಿಗೆ ಸೇರಿದ ಮೆಥನಾಲು, ಟಾರು, ಕ್ಯಾಲ್ಸಿಯಂ ಅಸಿಟೇಟು ಮುಂತಾದುವನ್ನು ಪಡೆಯುವ ಏರ್ಪಾಡು ಕಾರ್ಖಾನೆಯಲ್ಲಿತ್ತು. ಬರಿಗಣ್ಣಿಗೆ ಹೊಗೆಯಾಗಿ ತೋರುವುದರಲ್ಲಿ ಯಾವ ಪದಾರ್ಥ ಎಷ್ಟಿದೆಯೆಂದು ಮೊದಲೇ ಅಳೆದು ತಿಳಿದಿದ್ದುದರಿಂದಲೇ ಇದು ಸಾಧ್ಯವಾಯಿತು. ತ್ಯಾಜ್ಯವು ಸಾಮಗ್ರಿಯಾಗುವುದು ಅದರ ಗುಣವೂ ಪರಿಮಾಣವೂ ಗೊತ್ತಾದ ಮೇಲೆ.

ಇಂದು ಶಿವಮೊಗ್ಗ ಮತ್ತು ಭದ್ರಾವತಿಗಳ ಮನೆ, ಕಚೇರಿ, ಕಾಲೇಜುಗಳಿಂದ ಬೇರೊಂದು ಬಗೆಯ ತ್ಯಾಜ್ಯವು ಹೊರಬೀಳುತ್ತಿದೆ. ಕೆಟ್ಟ ಪ್ರಿಂಟರು, ಸ್ಕ್ಯಾನರು, ಡಿವಿಡಿ ಡ್ರೈವು, ಟೇಪ್ ರೆಕಾರ್ಡರು ಮೊದಲಾದುವು ಗುಜರಿ ಅಂಗಡಿಯ ತಕ್ಕಡಿಯನ್ನೇರುತ್ತವೆ. ತಕ್ಕಡಿಗೆ ತಿಳಿಯುವುದು ತೂಕವೊಂದೇ. ಒಳಗಿನ ಮೋಟಾರು ಇನ್ನೂ ತಿರುಗಬಲ್ಲುದೇ ಎಂಬುದು ತಿಳಿಯದು. ಹವ್ಯಾಸಕ್ಕಾಗಿ ಯಂತ್ರಮಾನವನನ್ನು ಕಟ್ಟುವ ವಿದ್ಯಾರ್ಥಿಗೆ ಬೇಕಾದ ಬಹುಪಾಲು ಭಾಗಗಳು ಇವುಗಳಲ್ಲಿಯೇ ಇವೆ. ಇಲ್ಲಿ ಯಂತ್ರಮಾನವನೆಂದರೆ ಮನುಷ್ಯಾಕೃತಿಯ ಗೊಂಬೆಯಲ್ಲ. ಸುತ್ತಣ ಬೆಳಕನ್ನೋ ತಡೆಯನ್ನೋ ಗ್ರಹಿಸಿ, ಅದಕ್ಕೆ ತಕ್ಕಂತೆ ಚಲಿಸುವ ಸಣ್ಣ ಯಂತ್ರ.

ಈ ಕ್ರಮವು ಹೊಸದೇನೂ ಅಲ್ಲ. ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಮೆದುಳಿನ ಕ್ರಿಯೆಗಳನ್ನು ಅಭ್ಯಸಿಸುತ್ತಿದ್ದ ಗ್ರೇ ವಾಲ್ಟರ್ ಎಂಬ ವಿಜ್ಞಾನಿಯು 1948-49ರಲ್ಲಿ ಬೆಳಕನ್ನು ಅರಸಿ ಹೋಗುವ ಎರಡು ಯಂತ್ರ-ಆಮೆಗಳನ್ನು ನಿರ್ಮಿಸಿದನು. ಪ್ರತಿಯೊಂದರಲ್ಲಿಯೂ ಇದ್ದುವು ಎರಡು ರೇಡಿಯೋ ವಾಲ್ವುಗಳು, ಎರಡು ಮೋಟಾರುಗಳು, ಬೆಳಕನ್ನೂ ಸ್ಪರ್ಶವನ್ನೂ ಅರಿಯುವ ಒಂದೊಂದು ಸಾಧನ. ಹಲ್ಲುಚಕ್ರಗಳು ಹಳೆಯ ಗಡಿಯಾರ ಮತ್ತು ಗ್ಯಾಸ್ ಮೀಟರುಗಳಿಂದ ಬಂದವು.

ಯಾವ ಉಪಕರಣದಲ್ಲಿ ಏನು ದೊರೆಯುತ್ತದೆಂಬುದನ್ನು ಮೊದಲು ತಿಳಿಯಬೇಕು. ಕಚೇರಿಗಳ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಅಚ್ಚಿನ ತಲೆಯನ್ನು ಸರಿಸಲು ಒಂದು, ಕಾಗದವನ್ನು ಎಳೆಯಲು ಇನ್ನೊಂದು ಸ್ಟೆಪರ್ ಮೋಟಾರು ಇರುತ್ತವೆ. ಸ್ಟೆಪರ್ ಎಂದರೆ ಒಂದೇ ಸಮನೆ ತಿರುಗದೆ, ಗೊತ್ತಾದ ಕೋನದಷ್ಟು ಹೆಜ್ಜೆಹೆಜ್ಜೆಯಾಗಿ ತಿರುಗುವ ಮೋಟಾರು. ಶಾಯಿಯ ಪ್ರಿಂಟರಿನಲ್ಲಿ ನಯವಾದ ಉಕ್ಕಿನ ಸರಳು, ಹಲ್ಲುಗಳುಳ್ಳ ಬೆಲ್ಟು, ಗಿಯರುಗಳು ಸಿಗುತ್ತವೆ. ಡಿವಿಡಿ ಡ್ರೈವಿನ ತಟ್ಟೆಯನ್ನು ಹೊರತಳ್ಳುವ ಮೋಟಾರು ಗಿಯರುಗಳ ಸಹಿತ ಸಣ್ಣ ಗಾಡಿಗೆ ಒಪ್ಪುತ್ತದೆ. ಗುಂಡುಳ್ಳ ಹಳೆಯ ಮೌಸಿನ ಸೀಳುಚಕ್ರವೂ ಬೆಳಕಿನ ಗ್ರಾಹಕವೂ ಗಾಡಿಯ ಚಕ್ರವು ಎಷ್ಟು ಸುತ್ತಿತೆಂಬುದನ್ನು ಎಣಿಸಬಲ್ಲುವು.

ಆದರೆ ಕಳಚಿ ತೆಗೆದ ಮಾತ್ರಕ್ಕೆ ಯಾವ ವಸ್ತುವೂ ಬಿಡಿಭಾಗವೆನಿಸುವುದಿಲ್ಲ. ಅಂಗಡಿಯಲ್ಲಿ ಕೊಂಡ ಮೋಟಾರಿನೊಡನೆ ಅದರ ವಿವರಪತ್ರವೂ ಬರುತ್ತದೆ. ಗುಜರಿಯಿಂದ ಬಂದುದಕ್ಕೆ ವಿವರಪತ್ರವನ್ನು ವಿದ್ಯಾರ್ಥಿಯೇ ಬರೆಯಬೇಕು. ಇದಕ್ಕೆ ಬೇಕಾದುದು ಒಂದು ಸಾಧಾರಣ ಮಲ್ಟಿಮೀಟರು ಮತ್ತು ತಾಳ್ಮೆ.

ನಾಲ್ಕು ತಂತಿಗಳ ಸ್ಟೆಪರ್ ಮೋಟಾರನ್ನು ತೆಗೆದುಕೊಳ್ಳೋಣ. ತಂತಿಗಳನ್ನು ಎರಡೆರಡಾಗಿ ಆರಿಸಿದರೆ ಆರು ಜೋಡಿಗಳಾಗುತ್ತವೆ. ಇವುಗಳಲ್ಲಿ ಎರಡು ಜೋಡಿಗಳು ಮಾತ್ರ ಕಡಿಮೆ ರೋಧವನ್ನು ತೋರಿಸುತ್ತವೆ. ಅವೇ ಎರಡು ಸುರುಳಿಗಳು. ಮೀಟರು ಇಲ್ಲದಿದ್ದರೂ ಒಂದು ಪರೀಕ್ಷೆಯುಂಟು: ಒಂದೇ ಸುರುಳಿಯ ಎರಡು ತುದಿಗಳನ್ನು ಕೂಡಿಸಿ ಅಕ್ಷವನ್ನು ಬೆರಳಿನಿಂದ ತಿರುಗಿಸಿದರೆ, ಅದು ಬಿಗಿಯಾಗಿ ತೊಡರುತ್ತದೆ. ತಿರುಗುವ ಅಯಸ್ಕಾಂತವು ಸುರುಳಿಯಲ್ಲಿ ಪ್ರೇರಿಸಿದ ಪ್ರವಾಹವು ಆ ಚಲನೆಯನ್ನೇ ವಿರೋಧಿಸುವುದು ಇದಕ್ಕೆ ಕಾರಣ. ಪಠ್ಯದಲ್ಲಿ ಓದಿದ ಲೆಂಜನ ನಿಯಮವು ಇಲ್ಲಿ ಬೆರಳ ತುದಿಗೆ ಗೋಚರವಾಗುತ್ತದೆ. ಅನಂತರ ಹೆಜ್ಜೆಯ ಕೋನವನ್ನು ತಿಳಿಯಬೇಕು. 1.8 ಡಿಗ್ರಿಯಾದರೆ ಸುತ್ತಿಗೆ 200 ಹೆಜ್ಜೆಗಳು, 7.5 ಡಿಗ್ರಿಯಾದರೆ 48. ಅಕ್ಷಕ್ಕೆ 6 ಸೆಂಟಿಮೀಟರು ವ್ಯಾಸದ ಚಕ್ರವನ್ನು ನೇರವಾಗಿ ಜೋಡಿಸಿದರೆ, ಮೊದಲನೆಯ ಮೋಟಾರು ಹೆಜ್ಜೆಗೆ ಸುಮಾರು 0.94 ಮಿಲಿಮೀಟರು, ಎರಡನೆಯದು ಸುಮಾರು 3.9 ಮಿಲಿಮೀಟರು ಗಾಡಿಯನ್ನು ಮುಂದೊಯ್ಯುವುದು.

ಸಾಧಾರಣ ಡಿ.ಸಿ. ಮೋಟಾರಿನಲ್ಲಿ ತಿಳಿಯಬೇಕಾದುದು, ಅದು ತಡೆಯಲ್ಪಟ್ಟು ನಿಂತಾಗ ಎಳೆಯುವ ಪ್ರವಾಹ. ಅಕ್ಷವನ್ನು ಸ್ವಲ್ಪಸ್ವಲ್ಪವೇ ತಿರುಗಿಸಿ, ಹಲವು ಸ್ಥಾನಗಳಲ್ಲಿ ರೋಧವನ್ನು ಅಳೆದು, ಅತಿ ಕಡಿಮೆ ಬೆಲೆಯನ್ನು ಹಿಡಿಯತಕ್ಕದ್ದು. ಅದು 6 ಓಮ್ ಆಗಿದ್ದು, ಕೊಡುವ ವಿಭವವು 6 ವೋಲ್ಟ್ ಆಗಿದ್ದರೆ, ನಿಂತ ಮೋಟಾರು 1 ಆಂಪಿಯರನ್ನು ಎಳೆಯುತ್ತದೆ. ಹವ್ಯಾಸಿಗಳು ಹೆಚ್ಚಾಗಿ ಬಳಸುವ ಎಲ್293ಡಿ ಎಂಬ ಚಾಲಕ ಐಸಿಯು ಒಂದು ಮೋಟಾರಿಗೆ ಸತತವಾಗಿ ಕೊಡಬಲ್ಲುದು 0.6 ಆಂಪಿಯರನ್ನು ಮಾತ್ರ. ಗಾಡಿಯು ಗೋಡೆಗೆ ತಾಗಿ ನಿಂತರೆ ಐಸಿಯು ಕಾದು ಕೆಡುವ ಸಂಭವವಿದೆ. ಓಮನ ನಿಯಮವನ್ನು ಒಮ್ಮೆ ಅನ್ವಯಿಸಿದ್ದರೆ ಈ ನಷ್ಟವು ತಪ್ಪುತ್ತಿತ್ತು.

ಎಲ್ಲವನ್ನೂ ಕಳಚಿಡುವುದು ಜಾಣತನವಲ್ಲ. ಸಣ್ಣ ರೋಧಕಗಳನ್ನು ಬೆಸುಗೆ ಬಿಡಿಸಿ ತೆಗೆಯುವ ಶ್ರಮವು ಅವುಗಳ ಬೆಲೆಯನ್ನು ಮೀರುತ್ತದೆ. ಹಳೆಯ ಎಲೆಕ್ಟ್ರೊಲಿಟಿಕ್ ಧಾರಕಗಳು ಒಳಗಿನ ದ್ರವವು ಒಣಗಿ ಗುಣಗೆಟ್ಟಿರುತ್ತವೆ. ಹೊಸವನ್ನು ಕೊಳ್ಳುವುದೇ ಲೇಸು.

ಕೆಲವನ್ನಂತೂ ಮುಟ್ಟಲೇಬಾರದು. ಗಾಜಿನ ಕೊಳವೆಯುಳ್ಳ ಹಳೆಯ ಟೆಲಿವಿಷನ್ನಿನಲ್ಲಿ 25,000 ವೋಲ್ಟುಗಳಷ್ಟು ವಿಭವವಿರಬಹುದು. ತಂತಿಯನ್ನು ಗೋಡೆಯಿಂದ ಕಿತ್ತ ಮೇಲೆಯೂ ಕೊಳವೆಯು ಅದನ್ನು ಹಿಡಿದಿಟ್ಟುಕೊಂಡಿರಬಹುದು. ಮೈಕ್ರೋವೇವ್ ಒಲೆಯ ಧಾರಕವು ಪ್ರಾಣಾಂತಕವಾದುದು. ಕಂಪ್ಯೂಟರಿನ ವಿದ್ಯುತ್ ಪೆಟ್ಟಿಗೆಯಲ್ಲಿ 230 ವೋಲ್ಟಿನ ಪರ್ಯಾಯ ವಿದ್ಯುತ್ತು ಏಕಮುಖವಾಗಿ ಸುಮಾರು 325 ವೋಲ್ಟಿಗೇರಿ ಧಾರಕದಲ್ಲಿ ನಿಂತಿರುತ್ತದೆ. ಆದುದರಿಂದ ಆ ಪೆಟ್ಟಿಗೆಯು ಸುಸ್ಥಿತಿಯಲ್ಲಿದ್ದರೆ ಬಿಚ್ಚದೆ ಇಡಿಯಾಗಿಯೇ ಬಳಸತಕ್ಕದ್ದು. ಪ್ರಯೋಗದ ಮೇಜಿಗೆ 12, 5 ಮತ್ತು 3.3 ವೋಲ್ಟುಗಳು ಅದರಿಂದ ದೊರೆಯುತ್ತವೆ. ಡಿವಿಡಿ ಡ್ರೈವಿನ ಲೇಸರು ಕಣ್ಣಿಗೆ ಅಪಾಯಕರ. ಲ್ಯಾಪ್‌ಟಾಪಿನ ಲಿಥಿಯಂ ಕೋಶಗಳು ಉಬ್ಬಿದ್ದರೆ, ನಗ್ಗಿದ್ದರೆ, ಅಥವಾ ತೀರ ಬರಿದಾಗಿದ್ದರೆ, ಅವಕ್ಕೆ ಪುನಃ ವಿದ್ಯುತ್ತು ತುಂಬಲು ಹೋಗಬಾರದು; ಬೆಂಕಿ ಹೊತ್ತಿಕೊಳ್ಳಬಹುದು.

ಬೇಕಾದುದನ್ನು ತೆಗೆದ ಮೇಲೆ ಉಳಿಯುವ ರಾಶಿಯ ಹೊಣೆಯೂ ಕಳಚಿದವರದೇ. ತಾಮ್ರಕ್ಕಾಗಿ ತಂತಿಯನ್ನು ಸುಟ್ಟರೆ ಅದರ ಪಿವಿಸಿ ಹೊದಿಕೆಯಿಂದ ಡಯಾಕ್ಸಿನ್ ಮುಂತಾದ ವಿಷಗಳು ಹೊರಡುತ್ತವೆ. ಹಳೆಯ ಬೆಸುಗೆಯಲ್ಲಿ ಸೀಸವಿದೆ. ಆ ಹೊಗೆಯನ್ನು ಕುಡಿಯುವವರು ಗುಜರಿಯ ಕೆಲಸಗಾರರು ಮತ್ತು ಅವರ ಮಕ್ಕಳು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳ ಆಶಯದಂತೆ, ಉಳಿದ ಹಲಗೆಗಳನ್ನು ನೋಂದಾಯಿತ ಸಂಸ್ಕರಣ ಘಟಕಕ್ಕೆ ತಲಪಿಸುವ ಏರ್ಪಾಡನ್ನು ಕಾಲೇಜು ಮೊದಲೇ ಮಾಡಿಕೊಂಡಿರಬೇಕು. ದಾಸ್ತಾನು ಪುಸ್ತಕದಲ್ಲಿ ಇನ್ನೂ ನಮೂದಾಗಿರುವ ಉಪಕರಣವನ್ನು ಕ್ರಮಬದ್ಧವಾಗಿ ವಜಾ ಮಾಡಿಸದೆ ಬಿಚ್ಚಕೂಡದೆಂಬುದನ್ನು ಅಧ್ಯಾಪಕರಿಗೆ ಹೇಳಬೇಕಾಗಿಲ್ಲ.

ಸಿದ್ಧ ಸಾಮಗ್ರಿಯ ಪೆಟ್ಟಿಗೆಯನ್ನು ಕೊಂಡು ಜೋಡಿಸಿದ ಯಂತ್ರಮಾನವನೂ ಓಡುತ್ತದೆ; ಆದರೆ ಏಕೆ ಓಡುತ್ತದೆಂದು ಕೇಳಿದರೆ ಜೋಡಿಸಿದವನು ಎಷ್ಟೋ ವೇಳೆ ನಿರುತ್ತರನಾಗುತ್ತಾನೆ. ಆದಕಾರಣ ಪ್ರಯೋಗಶಾಲೆಗಳಿಗೆ ಒಂದು ಸೂಚನೆ. ಕಳಚಿದ ಪ್ರತಿಯೊಂದು ಮೋಟಾರಿಗೂ ಒಂದು ಕಾರ್ಡನ್ನು ಕಟ್ಟಿ, ಅದು ಯಾವ ಉಪಕರಣದಿಂದ ಬಂದಿತು, ಸುರುಳಿಯ ರೋಧವೆಷ್ಟು, ಯಾವ ವಿಭವದಲ್ಲಿ ಎಷ್ಟು ಪ್ರವಾಹವನ್ನೆಳೆಯಿತು, ಅಳೆದವರಾರು ಎಂಬುದನ್ನು ಬರೆದಿಡಲಿ. ಅಂಕಗಳನ್ನು ಕೊಡುವಾಗ ಗಾಡಿಯ ಓಟದ ಜೊತೆಗೆ ಈ ಕಾರ್ಡನ್ನೂ ನೋಡಲಿ. ಹೀಗೆ ಮಾಡಿದಲ್ಲಿ, ಮುಂದಿನ ವರ್ಷ ಅದೇ ಮೋಟಾರನ್ನು ಕೈಗೆತ್ತಿಕೊಳ್ಳುವ ವಿದ್ಯಾರ್ಥಿಯು ಹಿಂದಿನವನ ಅಳತೆಯನ್ನು ಪರೀಕ್ಷಿಸಿ ನೋಡಲೂ, ತಪ್ಪಿದ್ದರೆ ತಿದ್ದಲೂ ಅವಕಾಶವಾಗುವುದು.