ಪ್ಲೇಟ್‌ಲೆಟ್ ಲೆಕ್ಕಕ್ಕೆ ಸಿಗದ ರಕ್ತಸ್ರಾವ

ಮಳೆಗಾಲದಲ್ಲಿ ಕಾಪು, ಕಾರ್ಕಳದ ಕಡೆ ಯಾರಿಗಾದರೂ ಡೆಂಗಿ ಎಂದು ಗೊತ್ತಾದರೆ ನೆಂಟರು ಮೊದಲು ಕೇಳುವುದು 'ಪ್ಲೇಟ್‌ಲೆಟ್ ಎಷ್ಟುಂಟು?' ಎಂದೇ. ಲಕ್ಷಕ್ಕಿಂತ ಕೆಳಗೆ ಎಂದರೆ ಸಾಕು, ಒಬ್ಬರು ಬಪ್ಪಂಗಾಯಿ ಎಲೆ ಕೊಯ್ಯಲು ಹಿತ್ತಿಲಿಗೆ ಹೋಗುತ್ತಾರೆ, ಇನ್ನೊಬ್ಬರು ವಾಟ್ಸ್ಆ್ಯಪಿನಲ್ಲಿ ರಕ್ತದಾನಿಗಳನ್ನು ಹುಡುಕುತ್ತಾರೆ. ಉಡುಪಿಯ ಅಜ್ಜರಕಾಡಿಗೋ ಮಣಿಪಾಲಕ್ಕೋ ಎಂಬ ಚರ್ಚೆಯೂ ಶುರುವಾಗುತ್ತದೆ.

ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸಾಮಾನ್ಯವಾಗಿ ಒಂದೂವರೆಯಿಂದ ನಾಲ್ಕೂವರೆ ಲಕ್ಷ ಪ್ಲೇಟ್‌ಲೆಟ್‌ಗಳಿರುತ್ತವೆ. ಡೆಂಗಿಯಲ್ಲಿ ಅದು ಇಳಿಯುತ್ತದೆ, ಬಹುತೇಕರಲ್ಲಿ ಕೆಲವು ದಿನಗಳಲ್ಲಿ ತಾನಾಗಿಯೇ ಏರುತ್ತದೆ. ಜೀವಕ್ಕೆ ಹೆಚ್ಚು ಅಪಾಯ ಬರುವುದು ರಕ್ತನಾಳದಿಂದ ನೀರಿನಂಶ ಸೋರಿ ರಕ್ತದೊತ್ತಡ ಕುಸಿದಾಗ. ಅದೂ ಸಾಮಾನ್ಯವಾಗಿ ಜ್ವರ ಬಿಡುವ ಹೊತ್ತಿಗೆ, ಮನೆಯವರು 'ಇನ್ನು ಹೆದರಿಕೆಯಿಲ್ಲ' ಎಂದುಕೊಳ್ಳುವಾಗಲೇ. ಹೊಟ್ಟೆನೋವು, ಬಿಡದ ವಾಂತಿ, ತಣ್ಣಗಾದ ಕೈಕಾಲು, ಕಡಿಮೆಯಾದ ಮೂತ್ರ: ಪ್ಲೇಟ್‌ಲೆಟ್ ವರದಿಗಿಂತ ಮೊದಲು ನೋಡಬೇಕಾದ್ದು ಇವನ್ನು.

ಚೀಲಗಟ್ಟಲೆ ಪ್ಲೇಟ್‌ಲೆಟ್ ಏರಿಸಿದರೆ ಒಳ್ಳೆಯದು ಎಂಬ ನಂಬಿಕೆಯನ್ನೂ ಪರೀಕ್ಷಿಸಿ ನೋಡಿದ್ದಾಗಿದೆ. ಸಿಂಗಪುರ ಮತ್ತು ಮಲೇಷ್ಯಾದಲ್ಲಿ ನಡೆದು 2017ರಲ್ಲಿ 'ಲ್ಯಾನ್ಸೆಟ್'ನಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೌಂಟ್ ಇಪ್ಪತ್ತು ಸಾವಿರಕ್ಕಿಳಿದರೂ ರಕ್ತಸ್ರಾವವಿಲ್ಲದ ವಯಸ್ಕರಿಗೆ ಮುಂಜಾಗ್ರತೆಗೆಂದು ಕೊಟ್ಟ ಪ್ಲೇಟ್‌ಲೆಟ್ ರಕ್ತಸ್ರಾವವನ್ನು ತಡೆಯಲಿಲ್ಲ. ಅಡ್ಡಪರಿಣಾಮ ಮಾತ್ರ ಹೆಚ್ಚಿತು. ಬಪ್ಪಂಗಾಯಿ ಎಲೆಯ ಸಾರದಿಂದ ಸಂಖ್ಯೆ ತುಸು ಬೇಗ ಏರೀತೆಂದು ಕೆಲವು ಸಣ್ಣ ಅಧ್ಯಯನಗಳು ಹೇಳುತ್ತವೆ, ನಿಜ. ಅದರಿಂದ ಸಾವು ತಪ್ಪುತ್ತದೆ ಎಂದು ಯಾರೂ ತೋರಿಸಿಲ್ಲ. ವಾಂತಿಯಿಂದ ಬಳಲುವ ರೋಗಿಗೆ ಆ ಕಹಿ ಕುಡಿಸುವುದು ಹಿಂಸೆಯೇ ಸರಿ.

ಆ ಸಂಖ್ಯೆಯಾದರೂ ಯಾವಾಗಲೂ ಸರಿಯೇ? ನೇರಳೆ ಮುಚ್ಚಳದ ನಳಿಗೆಯಲ್ಲಿರುವ ಇಡಿಟಿಎ ಎಂಬ ರಾಸಾಯನಿಕ ಕೆಲವರ ಪ್ಲೇಟ್‌ಲೆಟ್‌ಗಳನ್ನು ಒಂದಕ್ಕೊಂದು ಅಂಟಿಸಿಬಿಡುತ್ತದೆ. ಯಂತ್ರಕ್ಕೆ ಆ ಗುಂಪು ಲೆಕ್ಕಕ್ಕೆ ಸಿಗುವುದಿಲ್ಲ. ಆರೋಗ್ಯವಾಗಿರುವವರ ವರದಿಯಲ್ಲೂ ಮೂವತ್ತು ಸಾವಿರ ಎಂದು ಬರಬಹುದು! ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗುಂಪುಗಳು ಕಾಣುತ್ತವೆ. ನೀಲಿ ಮುಚ್ಚಳದ ಸಿಟ್ರೇಟ್ ನಳಿಗೆಯಲ್ಲಿ ಮತ್ತೆ ರಕ್ತ ತೆಗೆದರೆ ಹೆಚ್ಚಿನವರಲ್ಲಿ ಸಂಖ್ಯೆ ಸರಿಹೋಗುತ್ತದೆ.

ಸಂಖ್ಯೆ ಸರಿಯಿದ್ದೂ ರಕ್ತ ನಿಲ್ಲದಿರುವುದು ಇದಕ್ಕೆ ತದ್ವಿರುದ್ಧ. ಒಂದು ಆಸ್ಪಿರಿನ್ ಮಾತ್ರೆ ಪ್ಲೇಟ್‌ಲೆಟ್‌ಗಳ ಕೆಲಸವನ್ನು ಅವುಗಳ ಆಯುಷ್ಯಪೂರ್ತಿ, ಅಂದರೆ ಏಳರಿಂದ ಹತ್ತು ದಿನ, ಕುಂಠಿತಗೊಳಿಸುತ್ತದೆ, ಕೌಂಟ್ ಕದಲುವುದಿಲ್ಲ. ಡೆಂಗಿಯಲ್ಲಿ ಅದನ್ನು ಕೊಡಬಾರದು ಎನ್ನುವುದು ಇದಕ್ಕೇ. ಇನ್ನು ಸ್ವಿಸ್ ವೈದ್ಯ ಎಡ್ವರ್ಡ್ ಗ್ಲಾನ್ಸ್‌ಮನ್ 1918ರಲ್ಲಿ ವಿವರಿಸಿದ ಕಾಯಿಲೆಯಲ್ಲಿ ಪ್ಲೇಟ್‌ಲೆಟ್‌ಗಳು ಹುಟ್ಟಿನಿಂದಲೇ ಒಂದಕ್ಕೊಂದು ಹಿಡಿದುಕೊಳ್ಳಲಾರವು. ತಂದೆ ತಾಯಿ ಇಬ್ಬರಿಂದಲೂ ದೋಷದ ಜೀನ್ ಬಂದರಷ್ಟೇ ಮಗುವಿಗೆ ಕಾಯಿಲೆ. ಸೋದರಿಕೆಯ ಮದುವೆಗಳಿರುವ ಕುಟುಂಬಗಳಲ್ಲಿ ಇದು ಹೆಚ್ಚು ಕಾಣುವುದು ಅದರಿಂದಲೇ.

ಇದನ್ನು ಪತ್ತೆಹಚ್ಚುವ ಬಗೆ ಸೊಗಸಾಗಿದೆ. ಪ್ಲೇಟ್‌ಲೆಟ್ ತುಂಬಿದ ಪ್ಲಾಸ್ಮಾ ಮಬ್ಬಾಗಿರುತ್ತದೆ. ಅದರ ಮೂಲಕ ಬೆಳಕು ಹಾಯಿಸುತ್ತ ಎಡಿಪಿ ಎಂಬ ರಾಸಾಯನಿಕ ಹಾಕಿದರೆ ಪ್ಲೇಟ್‌ಲೆಟ್‌ಗಳು ಗುಂಪುಗೂಡಿ ದ್ರವ ತಿಳಿಯಾಗುತ್ತದೆ. ಗ್ಲಾನ್ಸ್‌ಮನ್ ರೋಗಿಯದು ಮಬ್ಬಾಗಿಯೇ ಉಳಿಯುತ್ತದೆ. 1962ರಲ್ಲಿ ಈ ವಿಧಾನ ಕೊಟ್ಟವರು ಗುಸ್ಟಾವ್ ಬಾರ್ನ್. ಸಿ.ವಿ. ರಾಮನ್ ಕರೆಯ ಮೇರೆಗೆ ಬೆಂಗಳೂರಿಗೆ ಬಂದು 1935-36ರಲ್ಲಿ ಕೆಲಕಾಲ ಕೆಲಸ ಮಾಡಿದ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಇವರ ತಂದೆ.

ಹಿಮೋಫಿಲಿಯಾದಲ್ಲೂ ಪ್ಲೇಟ್‌ಲೆಟ್ ಸರಿಯಾಗಿಯೇ ಇರುತ್ತದೆ. ಕೊರತೆಯಿರುವುದು ರಕ್ತ ಹೆಪ್ಪುಗಟ್ಟಿಸುವ 8 ಅಥವಾ 9ನೇ ಫ್ಯಾಕ್ಟರಿನದು. ಸಣ್ಣ ಗೀರಿಗೇ ರಕ್ತ ಹರಿದು ಸಾಯುತ್ತಾರೆ ಎಂಬುದು ಕತೆ. ನಿಜವಾದ ಕಾಟ ಮಂಡಿ, ಮೊಣಕೈ ಸಂದುಗಳ ಒಳಗೆ ಆಗುವ ರಕ್ತಸ್ರಾವದ್ದು. ದಾವಣಗೆರೆಯ ರೋಗಶಾಸ್ತ್ರಜ್ಞ ಡಾ. ಸುರೇಶ್ ಹನಗವಾಡಿ ಸ್ವತಃ ಹಿಮೋಫಿಲಿಯಾ ಇರುವವರು. ವೈದ್ಯರಾಗಿ ಇದೇ ರೋಗಿಗಳಿಗಾಗಿ ಸಂಸ್ಥೆ ಕಟ್ಟಿ ದುಡಿದಿದ್ದಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಹಿಮೋಫಿಲಿಯಾವೂ ಇದೆ.

ರಕ್ತಸ್ರಾವದ ಕಾಯಿಲೆ ಗಂಡಸರಿಗೆ ಮಾತ್ರ ಎಂಬ ನಂಬಿಕೆಯಿಂದ ಹೆಚ್ಚು ನಷ್ಟವಾಗಿರುವುದು ಹೆಣ್ಣುಮಕ್ಕಳಿಗೆ. ಫಿನ್ಲೆಂಡಿನ ಎರಿಕ್ ಫಾನ್ ವಿಲೆಬ್ರಾಂಡ್ 1926ರಲ್ಲಿ ವಿವರಿಸಿದ ಕಾಯಿಲೆ ಇಬ್ಬರಿಗೂ ಬರುತ್ತದೆ. ಅವರು ಪರೀಕ್ಷಿಸಿದ ಪುಟ್ಟ ಹುಡುಗಿ ಮುಂದೆ ಹದಿಮೂರರ ವಯಸ್ಸಿನಲ್ಲಿ ಮುಟ್ಟಿನ ರಕ್ತಸ್ರಾವದಿಂದಲೇ ತೀರಿಕೊಂಡಳು. ವಾರಕ್ಕೂ ಮೀರಿ ಮುಟ್ಟು ನಿಲ್ಲದಿದ್ದರೆ, ಹಲ್ಲು ಕೀಳಿಸಿದ ಮರುದಿನವೂ ಬಾಯಿ ಕೆಂಪಾಗುತ್ತಿದ್ದರೆ, 'ನಮ್ಮ ಮನೆಯ ಹೆಂಗಸರಿಗೆಲ್ಲ ಹೀಗೇ' ಎಂಬ ಮಾತನ್ನು ವೈದ್ಯರ ಮುಂದೆಯೂ ಹೇಳಬೇಕು. ರೋಗಪತ್ತೆಗೆ ಬೇಕಾದ ಮೊದಲ ಸುಳಿವು ಹಲವು ಬಾರಿ ಅದೇ ಆಗಿರುತ್ತದೆ.